ನೀರು ಕಂಡರೆ ಬಿಡದ ಮಗು

ಪ್ರಶ್ನೆ: ನಮ್ಮ ಮಗನಿಗೆ ಎರಡೂವರೆ ವರ್ಷ. ನೀರು ಕಂಡರೆ ಸಾಕು, ಉಳಿದೆಲ್ಲವನ್ನೂ ಮರೆತುಬಿಡುತ್ತಾನೆ. ಕೈ ತೊಳೆಸಲು ನಿಲ್ಲಿಸಿದರೆ ನಲ್ಲಿಯ ಕೆಳಗಿನಿಂದ ಕೈ ತೆಗೆಯುವುದಿಲ್ಲ. ಕುಡಿಯಲು ಕೊಟ್ಟ ನೀರಿನಲ್ಲಿ ಅರ್ಧ ಕುಡಿದು, ಉಳಿದದ್ದನ್ನು ನೆಲಕ್ಕೆ ಸುರಿದು ಅಂಗೈಯಿಂದ ಬಡಿಯುತ್ತಾನೆ. ಸ್ನಾನ ಮುಗಿಯಿತೆಂದರೆ ರಂಪ ಮಾಡುತ್ತಾನೆ. ಶೀತವಾಗುತ್ತದೆ ಎಂದು ಅವನ ಅಜ್ಜಿ ಗದರುತ್ತಾರೆ. ನೀರು ಪೋಲಾಗುತ್ತದೆ ಎಂದು ನನಗೂ ಸಿಟ್ಟು ಬರುತ್ತದೆ. ಒಂದೇ ವಸ್ತುವಿನ ಮೇಲೆ ಇಷ್ಟು ಗೀಳು ಇರುವುದು ಆಟಿಸಂನ ಲಕ್ಷಣವಿರಬಹುದೆಂದು ಪರಿಚಿತರೊಬ್ಬರು ಹೇಳಿದಂದಿನಿಂದ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ಈ ಚಟವನ್ನು ಬಿಡಿಸುವುದು ಹೇಗೆ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಅನುಮಾನದಿಂದಲೇ ಆರಂಭಿಸುತ್ತೇನೆ. ನೀರಿನ ಮೇಲಿನ ಆಸೆಯೊಂದನ್ನೇ ಹಿಡಿದು ಮಗುವಿಗೆ ಆಟಿಸಂ ಇದೆಯೆಂದು ಹೇಳಲು ಬರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ನೀರಿನ ಸೆಳೆತ ಬಲವಾಗಿರುತ್ತದೆ ಎಂಬುದು ನಿಜ. ಆದರೆ ಆಟಿಸಂ ಇಲ್ಲದ ಎರಡು ಮೂರು ವರ್ಷದ ಮಕ್ಕಳಲ್ಲಿಯೂ ಬಹುಪಾಲು ನೀರು ಕಂಡರೆ ಹಿಗ್ಗುವವರೇ ಆದ್ದರಿಂದ, ಆ ಸೆಳೆತ ಇಬ್ಬರನ್ನು ಬೇರ್ಪಡಿಸುವ ಗುರುತಾಗಲಾರದು. ನೋಡಬೇಕಾದದ್ದು, ಮಗುವಿನ ಆ ಸಂತೋಷದಲ್ಲಿ ನಿಮಗೂ ಪಾಲಿದೆಯೇ ಎಂಬುದನ್ನು. ನೀರು ಮುಖಕ್ಕೆ ಸಿಡಿದಾಗ ಅವನು ತಿರುಗಿ ನಿಮ್ಮನ್ನು ನೋಡಿ ನಗುತ್ತಾನೆಯೆ, ತುಂಬಿದ ಲೋಟವನ್ನು ಎತ್ತಿ ತೋರಿಸುತ್ತಾನೆಯೆ, ಹೆಸರು ಹಿಡಿದು ಕರೆದರೆ ಬಹುಮಟ್ಟಿಗೆ ಓಗೊಡುತ್ತಾನೆಯೆ, ಬೇಕಾದದ್ದನ್ನೂ ಬೆರಗು ಹುಟ್ಟಿಸಿದ್ದನ್ನೂ ಬೆರಳು ಮಾಡಿ ತೋರಿಸುತ್ತಾನೆಯೆ, ಎರಡೆರಡು ಪದ ಜೋಡಿಸಿ ಮಾತನಾಡುತ್ತಾನೆಯೆ ಎಂದು ಗಮನಿಸಿ. ಇವು ಕಾಣದಿದ್ದರೆ, ಅಥವಾ ಕಲಿತಿದ್ದ ಮಾತು ಮರೆಯಾಗುತ್ತಿದ್ದರೆ, ಮಕ್ಕಳ ತಜ್ಞರನ್ನು ಕಂಡು ಬೆಳವಣಿಗೆಯ ತಪಾಸಣೆ ಮಾಡಿಸಬೇಕು. ಅದು ನೀರಿನ ಆಟ ಇದ್ದರೂ ಇಲ್ಲದಿದ್ದರೂ ಆಗಬೇಕಾದದ್ದೇ. ಇವೆಲ್ಲ ಇದ್ದ ಪಕ್ಷದಲ್ಲಿ ನೀವು ವಿವರಿಸಿರುವುದು ಆ ವಯಸ್ಸಿಗೆ ತೀರ ಸಹಜವಾದ ನಡವಳಿಕೆ, ಬಿಡಿಸಬೇಕಾದ ಚಟವಲ್ಲ. ಅದಕ್ಕೆ ಬೇಕಾದದ್ದು ಒಂದು ಗೊತ್ತಾದ ಜಾಗ, ಒಂದು ಅಳತೆ ಮತ್ತು ಕೈಗೆಟಕುವಷ್ಟು ಹತ್ತಿರದಲ್ಲಿ ಒಬ್ಬ ದೊಡ್ಡವರು. ಮೊದಲ ಎರಡರಲ್ಲಿ ಹೆಚ್ಚುಕಡಿಮೆ ನಡೆದೀತು. ಮೂರನೆಯದರಲ್ಲಿ ರಿಯಾಯಿತಿ ಇಲ್ಲ.

ಇಷ್ಟೊಂದು ಆಟಿಕೆಗಳಿರುವಾಗ ನೀರೇ ಏಕೆ ಎಂದು ನಿಮಗೆ ಅನ್ನಿಸಿರಬಹುದು. ಈ ವಯಸ್ಸಿನ ಮಗು ದಿನವಿಡೀ ಪರೀಕ್ಷಿಸುತ್ತಿರುವುದು, ತಾನು ಹೀಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು. ಕೀಲಿ ಕೊಟ್ಟರೆ ಓಡುವ ಕಾರು ಆ ಪ್ರಶ್ನೆಗೆ ಒಂದೇ ಬಗೆಯ ಉತ್ತರ ಕೊಡುತ್ತದೆ. ನಾಲ್ಕು ಸಲ ಓಡಿದ ಮೇಲೆ ಅದರಲ್ಲಿ ಹೊಸದೇನೂ ಉಳಿಯುವುದಿಲ್ಲ. ನೀರಾದರೋ ಅಂಗೈಯಿಂದ ಬಡಿದರೆ ಒಂದು ರೀತಿ, ಮುಷ್ಟಿಯಿಂದ ಗುದ್ದಿದರೆ ಇನ್ನೊಂದು ರೀತಿ, ಬೆರಳ ತುದಿ ತಾಗಿಸಿದರೆ ಮತ್ತೊಂದು ರೀತಿ ಉತ್ತರಿಸುತ್ತದೆ. ಆ ಉತ್ತರ ಕಣ್ಣಿಗೆ, ಕಿವಿಗೆ, ಚರ್ಮಕ್ಕೆ ಏಕಕಾಲದಲ್ಲಿ, ಒಂದು ಕ್ಷಣವೂ ತಡವಾಗದೆ ತಲುಪುತ್ತದೆ. ಅದನ್ನು ಮುರಿಯುವಂತಿಲ್ಲ, ಕೆಡಿಸುವಂತಿಲ್ಲ, ತಪ್ಪಾಗಿ ಆಡುವುದಂತೂ ಸಾಧ್ಯವೇ ಇಲ್ಲ. ಮಾತು ಇನ್ನೂ ಪೂರ್ತಿ ಬಾರದ, ಅಂಗಿಯ ಗುಂಡಿ ಹಾಕಲು ಬಾರದ, ಹೊತ್ತು ಹೊತ್ತಿಗೂ ಇನ್ನೊಬ್ಬರ ಕೈ ಕಾಯಬೇಕಾದ ಮಗುವಿಗೆ ತನ್ನ ಕೈಗೆ ಇಷ್ಟು ವಿಧೇಯವಾದ ವಸ್ತು ಇನ್ನೊಂದು ಸಿಗುವುದು ಕಷ್ಟ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನು ಹಸುಳೆತನದಿಂದಲೇ ಗಮನಿಸಿ ಬರೆದಿಟ್ಟ ಟಿಪ್ಪಣಿಗಳಿಂದ ಒಂದು ಸಂಗತಿ ಸ್ಪಷ್ಟವಾಯಿತು: ಸುಮಾರು 12ರಿಂದ 18 ತಿಂಗಳ ನಡುವೆ ಮಗು ಒಂದೇ ಕೆಲಸವನ್ನು ಸುಮ್ಮನೆ ಮರುಕಳಿಸುವುದಿಲ್ಲ, ಪ್ರತಿ ಸಲವೂ ಕೊಂಚ ಬದಲಿಸಿ ಫಲ ಹೇಗೆ ಬದಲಾಗುತ್ತದೆಂದು ನೋಡತೊಡಗುತ್ತದೆ. ನಿಮ್ಮ ಮಗ ಲೋಟವನ್ನು ಒಮ್ಮೆ ಎತ್ತರದಿಂದ, ಒಮ್ಮೆ ತಗ್ಗಿನಿಂದ ಸುರಿಯುವುದನ್ನು ನೀವು ಕಂಡಿದ್ದರೆ ಅದು ಇದೇ ಕೆಲಸದ ಮುಂದುವರಿಕೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಅವನಿಗೆ ಒಂದು ಅಗಲ ಬೋಗುಣಿಯಲ್ಲಿ ನಾಲ್ಕು ಬೆರಳಿನಷ್ಟು ನೀರು, ಒಂದು ಪುಟ್ಟ ಲೋಟ, ಒಂದು ಜರಡಿ ಕೊಟ್ಟು ಪಕ್ಕದಲ್ಲಿ ಮಾತಿಲ್ಲದೆ ಕುಳಿತುಕೊಳ್ಳಿ. ಸಾಮಾನ್ಯವಾಗಿ ಮಗು ಮೊದಲು ಲೋಟದಿಂದ ನೀರು ಮೊಗೆದು ಸುರಿಯುತ್ತದೆ. ಆಮೇಲೆ ಜರಡಿಯನ್ನು ಮುಳುಗಿಸಿ ಎತ್ತುತ್ತದೆ. ತುಂಬಿತ್ತಲ್ಲ, ಈಗಿಲ್ಲ. ಮತ್ತೆ ಮುಳುಗಿಸುತ್ತದೆ, ಮತ್ತೆ ಎತ್ತುತ್ತದೆ. ಕೆಲವು ಸಲ ಹೀಗಾದ ಮೇಲೆ ಜರಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೆಳಗಿನಿಂದ ಇಣುಕುತ್ತದೆ, ತೊಟ್ಟಿಕ್ಕುವ ಹನಿಗೆ ಬೆರಳು ಒಡ್ಡುತ್ತದೆ, ಅನಂತರ ಲೋಟದ ನೀರನ್ನು ಜರಡಿಗೆ ಸುರಿದು ಅದು ತನ್ನ ಕಾಲ ಮೇಲೆ ಬೀಳುವುದನ್ನು ನೋಡುತ್ತದೆ. ಈ ಹೊತ್ತಿನಲ್ಲಿ ಬಾಯಿ ತುಸು ತೆರೆದಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಕರೆದರೂ ಕೇಳಿಸುವುದಿಲ್ಲ. ಆಗ ದೊಡ್ಡವರು ಯಾರಾದರೂ ಬಂದು, ನೋಡು ಪುಟ್ಟಾ, ಅದರಲ್ಲಿ ತೂತು ಇದೆ, ಅದಕ್ಕೇ ಸೋರುತ್ತದೆ ಎಂದು ವಿವರಿಸಿದರೆ ಕಥೆ ಮುಗಿಯಿತು. ನೀರಾಟವನ್ನು ಪಾಠವಾಗಿಸುವ ಉತ್ಸಾಹವನ್ನು ನಾನು ಅಷ್ಟಾಗಿ ಮೆಚ್ಚುವವನಲ್ಲ. ಬಣ್ಣ, ಎಣಿಕೆ, ತೇಲುವುದು, ಮುಳುಗುವುದು ಎಲ್ಲವನ್ನೂ ಸ್ನಾನದ ಹೊತ್ತಿನಲ್ಲೇ ಕಲಿಸಿಬಿಡಬೇಕೆಂಬ ಹಟ ತಂದೆತಾಯಿಯದೇ ಹೊರತು ಮಗುವಿನದಲ್ಲ. ಅವನು ಕೇಳಿದರೆ ಹೇಳಿ, ತೋರಿಸಿದರೆ ನೋಡಿ, ಅಷ್ಟು ಸಾಕು.

ಪಾಠ ಬೇಡವೆಂದರೆ ಕಲಿಕೆ ಇಲ್ಲವೆಂದು ಅರ್ಥವಲ್ಲ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಬಗ್ಗಿಸುವುದು ನಮಗೆ ಲೆಕ್ಕಕ್ಕೇ ಬಾರದ ಕೆಲಸ. ಮಗುವಿಗೆ ಅದು ದೊಡ್ಡ ಸಾಹಸ. ಒಂದು ಕೈ ಪಾತ್ರೆಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದು ಕೈಯ ಮಣಿಕಟ್ಟು ಮೆಲ್ಲಗೆ ತಿರುಗಬೇಕು, ಕಣ್ಣು ಏರುತ್ತಿರುವ ಮಟ್ಟದ ಮೇಲಿರಬೇಕು, ತುಂಬುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಬೇಕು. ಮುಂದೆ ಪೆನ್ಸಿಲು ಹಿಡಿಯುವ, ಗುಂಡಿ ಹಾಕಿಕೊಳ್ಳುವ ಕೈ ಪಳಗುವುದು ಇಂಥ ಕೆಲಸಗಳಲ್ಲಿಯೇ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಅವರ ಪದ್ಧತಿಯ ಶಾಲೆಗಳಲ್ಲಿ ಇಂದಿಗೂ ಪುಟ್ಟ ಹೂಜಿಯಿಂದ ಪುಟ್ಟ ಲೋಟಕ್ಕೆ ನೀರು ಬಗ್ಗಿಸುವುದು ಆರಂಭದ ಅಭ್ಯಾಸಗಳಲ್ಲೊಂದು. ಕಿವಿಯೂ ಕಲಿಯುತ್ತದೆ. ಬಾಟಲಿ ತುಂಬುತ್ತ ಬಂದಂತೆ ಒಳಗಿನ ಗಾಳಿಯ ಕಂಬ ಗಿಡ್ಡವಾಗಿ ಸದ್ದು ಮೇಲಕ್ಕೇರುತ್ತದೆ. ಬಾಟಲಿಯೊಳಗೆ ನೋಡದೆಯೇ ತುಂಬಿತೆಂದು ನಮಗೆ ತಿಳಿಯುವುದು ಚಿಕ್ಕಂದಿನಲ್ಲಿ ಹೀಗೆ ಕೇಳಿ ಕೇಳಿ ಪಳಗಿದ ಕಿವಿಯಿಂದ. ನಲ್ಲಿಯ ಹನಿ ಬಕೆಟ್ಟಿಗೆ ಬಿದ್ದಾಗಿನ ಆ ಟಪ್ ಎಂಬ ಸದ್ದು ಕೂಡ ನೀರಿಗೆ ನೀರು ಬಡಿದದ್ದರಿಂದ ಬರುವುದಲ್ಲ, ಹನಿ ಕೊರೆದ ಕುಳಿಯ ಕೆಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಯೊಂದು ಕಂಪಿಸುವುದರಿಂದ ಬರುವುದು. ಇದನ್ನು ಮಗುವಿಗೆ ಹೇಳಬೇಕಾಗಿಲ್ಲ. ಆ ಸದ್ದನ್ನು ಹತ್ತು ನಿಮಿಷ ಕೇಳುತ್ತ ಕುಳಿತ ಮಗು ಕಾಲಹರಣ ಮಾಡುತ್ತಿಲ್ಲವೆಂದು ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಇನ್ನೊಂದು ಸಣ್ಣ ಸಂಗತಿ. ಗಿಡ್ಡ ಲೋಟದ ನೀರನ್ನು ಸಪೂರ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತೆಂದು ಆರೇಳು ವರ್ಷದವರೆಗಿನ ಮಕ್ಕಳು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ತೋರಿಸಿಕೊಟ್ಟವರೂ ಪಿಯಾಜೆಯೇ. ಆದ್ದರಿಂದ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಆಕಾರದ ಲೋಟಗಳಲ್ಲಿ ಕುಡಿಯಲು ಕೊಟ್ಟು, ಇಬ್ಬರಿಗೂ ಸಮವಾಗಿಯೇ ಇದೆ ಎಂದು ವಾದಿಸುವುದು ವ್ಯರ್ಥ.

ಈಗ ಅಜ್ಜಿಯ ಮಾತಿಗೆ ಬರೋಣ. ಅದರಲ್ಲಿ ಅರ್ಧ ಸರಿಯಿದೆ. ನೆಗಡಿಯನ್ನು ತರುವುದು ವೈರಸ್ಸುಗಳು, ಅದರಲ್ಲಿಯೂ ಹೆಚ್ಚಾಗಿ ರೈನೋವೈರಸ್ಸುಗಳು. ಅವು ಒಬ್ಬರ ಕೈ, ಕೆಮ್ಮು, ಸೀನಿನಿಂದ ಇನ್ನೊಬ್ಬರಿಗೆ ದಾಟುತ್ತವೆಯೇ ಹೊರತು ನೀರಾಡಿದ್ದರಿಂದ ಹುಟ್ಟುವುದಿಲ್ಲ. ಆದರೆ ಮೈ ತಣ್ಣಗಾಗುತ್ತದೆ ಎನ್ನುವುದು ಸುಳ್ಳಲ್ಲ. ಒಂದೇ ಉಷ್ಣತೆಯಲ್ಲಿದ್ದರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚು. ಒದ್ದೆ ಬಟ್ಟೆ ಆರುವಾಗ ಮೈಯ ಬಿಸಿಯನ್ನೇ ಹೀರಿಕೊಳ್ಳುತ್ತದೆ. ಆದ್ದರಿಂದ ನಮಗೆ ಹಿತವಾಗಿರುವಾಗಲೇ ಮಗುವಿಗೆ ಚಳಿ ಹತ್ತಿರಬಹುದು. ನಡುಕ ಬಂದರೆ, ತುಟಿ ನೀಲಿಗಟ್ಟಿದರೆ, ಲವಲವಿಕೆಯಿಂದಿದ್ದ ಮಗು ಸಪ್ಪಗಾದರೆ, ಅಳಲಿ ಬಿಡಲಿ ಎತ್ತಿ ಒರೆಸಿ ಒಣ ಬಟ್ಟೆ ತೊಡಿಸಿ. ಕಿವಿಯ ಹೊರಭಾಗವನ್ನು ಬಟ್ಟೆಯಿಂದ ಒರೆಸಿದರೆ ಸಾಕು; ಒಳಗೆ ಹತ್ತಿಯ ಕಡ್ಡಿ ಹಾಕಬೇಡಿ. ಬೆರಳ ತುದಿ ನೆರಿಗೆಗಟ್ಟಿದ್ದಕ್ಕೆ ಗಾಬರಿ ಬೇಡ. ಅದು ಚರ್ಮ ನೀರು ಕುಡಿದು ಊದಿದ್ದಷ್ಟೇ ಅಲ್ಲ, ನರಗಳ ಆದೇಶದಿಂದ ರಕ್ತನಾಳಗಳು ಸಂಕುಚಿಸಿ ಆಗುವ ಬದಲಾವಣೆ. ಬೆರಳಿಗೆ ಹೋಗುವ ನರ ತುಂಡಾಗಿದ್ದರೆ ಆ ಬೆರಳು ನೆರಿಗೆಗಟ್ಟುವುದಿಲ್ಲ.

ನಿಮ್ಮ ಪತ್ರದಲ್ಲಿ ಶೀತದ ಚಿಂತೆ ಇದೆ, ನೀರು ಪೋಲಾಗುವ ಚಿಂತೆ ಇದೆ; ನಿಜಕ್ಕೂ ಚಿಂತಿಸಬೇಕಾದ ಅಪಾಯದ ಪ್ರಸ್ತಾಪವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವಿಕೆ ನಾಲ್ಕನೆಯ ಸ್ಥಾನದಲ್ಲಿದೆ. ಮುಳುಗುವುದೆಂದರೆ ನದಿ, ಕೆರೆ, ಬಾವಿ ಎಂದು ನಾವು ಎಣಿಸುತ್ತೇವೆ. ಇಷ್ಟು ಚಿಕ್ಕ ಮಗುವಿಗೆ ಸ್ನಾನದ ಮನೆಯ ಬಕೆಟ್ಟೇ ಸಾಕು. ಹುಟ್ಟಿದಾಗ ತಲೆಯ ಉದ್ದ ದೇಹದ ಒಟ್ಟು ಉದ್ದದ ಕಾಲು ಭಾಗದಷ್ಟಿರುತ್ತದೆ, ದೊಡ್ಡವರಾದ ಮೇಲೆ ಎಂಟನೆಯ ಒಂದು ಭಾಗದಷ್ಟು. ಎರಡು ವರ್ಷದ ಹೊತ್ತಿಗೂ ಮಗುವಿನ ಭಾರವೆಲ್ಲ ಮೇಲ್ಭಾಗದಲ್ಲಿಯೇ ಇರುತ್ತದೆ. ಬಕೆಟ್ಟಿನ ಅಂಚು ಹಿಡಿದು ಬಗ್ಗಿ ನೋಡುವ ಮಗು ಆಯ ತಪ್ಪಿ ತಲೆಕೆಳಗಾಗಿ ಬಿದ್ದರೆ, ತನ್ನನ್ನು ತಾನು ಮೇಲೆತ್ತಿಕೊಳ್ಳುವಷ್ಟು ಬಲ ತೋಳುಗಳಲ್ಲಿರುವುದಿಲ್ಲ. ಅರ್ಧ ತುಂಬಿದ ಬಕೆಟ್ಟು ಭಾರವಾಗಿರುವುದರಿಂದ ಉರುಳಿ ನೀರು ಚೆಲ್ಲಿಹೋಗುವ ಸಂಭವವೂ ಕಡಿಮೆ. ಮೂಗು ಬಾಯಿ ಮುಚ್ಚಲು 5 ಸೆಂಟಿಮೀಟರಿನಷ್ಟು ನೀರು ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಸದ್ದಿಲ್ಲದೆ ನಡೆದುಹೋಗುತ್ತದೆ ಎಂಬುದು. ಬಾಯಿ ನೀರಿನೊಳಗಿರುವ ಮಗು ಕಿರುಚಲಾರದು. ಕೈಕಾಲು ಬಡಿದು ನೀರೆರಚುವುದೂ ಬಹಳಷ್ಟು ಸಲ ಆಗುವುದಿಲ್ಲ. ಅಡುಗೆಮನೆಯಲ್ಲಿದ್ದುಕೊಂಡು ಅವನ ಸದ್ದು ಕೇಳುತ್ತಿದೆಯಲ್ಲ ಎಂದು ನಿಶ್ಚಿಂತರಾಗಿರುವುದು ಯಾವ ರಕ್ಷಣೆಯೂ ಅಲ್ಲ. ನೀರಿನ ಬಳಿ ಮಗು ಇರುವಷ್ಟು ಹೊತ್ತು ದೊಡ್ಡವರೊಬ್ಬರು ಕೈಚಾಚಿದರೆ ಸಿಗುವಷ್ಟು ಸಮೀಪದಲ್ಲಿ, ಮೊಬೈಲು ಪಕ್ಕಕ್ಕಿಟ್ಟು ಕುಳಿತಿರಬೇಕು. ಕರೆಗಂಟೆ ಬಾರಿಸಿದರೆ, ಫೋನು ಬಂದರೆ, ಟವೆಲು ತರುವುದು ಮರೆತಿದ್ದರೆ, ಮಗುವನ್ನು ಎತ್ತಿಕೊಂಡೇ ಹೋಗಬೇಕು. ಅಕ್ಕನನ್ನೋ ಅಣ್ಣನನ್ನೋ ಕಾವಲಿಗೆ ಕೂರಿಸುವುದು ಬೇಡ. ಆರು ವರ್ಷದ ಮಗು ಇನ್ನೊಂದು ಮಗುವಿನ ಪ್ರಾಣಕ್ಕೆ ಹೊಣೆಯಾಗಲಾರದು. ಆಟ ಮುಗಿದ ಕೂಡಲೇ ಟಬ್ಬು, ಬಕೆಟ್ಟುಗಳನ್ನು ಬರಿದು ಮಾಡಿ ಬೋರಲು ಹಾಕಿ. ನೀರು ತುಂಬಿಡಲೇಬೇಕಾದ ಡ್ರಮ್ಮು, ತೊಟ್ಟಿಗಳಿಗೆ ಮಗು ತೆಗೆಯಲಾಗದ ಮುಚ್ಚಳವಿರಲಿ. ಸ್ನಾನದ ಮನೆಯ ಬಾಗಿಲಿಗೆ ಅವನ ಕೈಗೆಟುಕದ ಎತ್ತರದಲ್ಲಿ ಹೊರಗಿನಿಂದ ಚಿಲಕವಿರಲಿ. ಟಬ್ಬಿನಲ್ಲಿ ಕೂರಿಸುವ ಪ್ಲಾಸ್ಟಿಕ್ಕಿನ ಆಸನ, ತೋಳಿಗೆ ಕಟ್ಟುವ ಗಾಳಿಚೀಲ, ಸೊಂಟದ ರಬ್ಬರು ಬಳೆ ಇವೆಲ್ಲ ಆಟದ ಸಾಮಾನುಗಳೇ ಹೊರತು ಜೀವರಕ್ಷಕಗಳಲ್ಲ. ಇವು ಇವೆಯೆಂಬ ಧೈರ್ಯದಿಂದ ದೊಡ್ಡವರು ಎದ್ದುಹೋಗುವುದೇ ಇವುಗಳ ದೊಡ್ಡ ದೋಷ.

ಹಸುಳೆಗಳು ನೀರಿನೊಳಗೆ ಕಣ್ಣು ಬಿಟ್ಟುಕೊಂಡು ಈಜುವ ವಿಡಿಯೊಗಳನ್ನು ನೀವು ನೋಡಿರಬಹುದು. ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಮಗು ನೀರಿನಲ್ಲಿ ಉಸಿರು ಬಿಗಿಹಿಡಿದು ಕೈಕಾಲು ಆಡಿಸುವುದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಟಲ್ ಮೆಗ್ರಾ 1939ರಲ್ಲಿಯೇ ಇದನ್ನು ವಿವರಿಸಿದ್ದರು. ಅದೊಂದು ಅನೈಚ್ಛಿಕ ಪ್ರತಿಕ್ರಿಯೆ, ಈಜಲ್ಲ. ತಲೆಯೆತ್ತಿ ಉಸಿರಾಡಲು ಆ ಮಗುವಿಗೆ ಬಾರದು, ಮೇಲಾಗಿ ಕೆಲವೇ ತಿಂಗಳಲ್ಲಿ ಆ ಪ್ರತಿಕ್ರಿಯೆಯೂ ಮರೆಯಾಗುತ್ತದೆ. ನಿಮ್ಮ ಮಗನ ವಯಸ್ಸಿನಲ್ಲಿ ಒಳ್ಳೆಯ ತರಬೇತುದಾರರ ಬಳಿ ಈಜಿನ ಪರಿಚಯ ಮಾಡಿಸಬಹುದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಒಂದು ವರ್ಷ ದಾಟಿದ ಅನೇಕ ಮಕ್ಕಳಿಗೆ ಇದರಿಂದ ಅನುಕೂಲವಿದೆ ಎನ್ನುತ್ತದೆ. ಆದರೆ ಈಜು ಕಲಿತ ಮಗುವನ್ನೂ ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳಬೇಕೆಂದೂ ಅದೇ ಅಕಾಡೆಮಿ ಒತ್ತಿ ಹೇಳುತ್ತದೆ. ಮನೆಯಲ್ಲಿ ಒಬ್ಬರಾದರೂ ಮಕ್ಕಳಿಗೆ ಕೃತಕ ಉಸಿರಾಟ ಕೊಡುವ ತರಬೇತಿ ಪಡೆದಿರುವುದು ಒಳ್ಳೆಯದು. ಮುಳುಗಿದ ಮಗುವನ್ನು ತಲೆಕೆಳಗಾಗಿ ಹಿಡಿದು ನೀರು ಕಕ್ಕಿಸಲು ಹೋಗಿ ಅಮೂಲ್ಯವಾದ ಕ್ಷಣಗಳನ್ನು ಕಳೆಯಬಾರದು. ಉಸಿರಿಲ್ಲದಿದ್ದರೆ ಮೊದಲು ಬೇಕಾದದ್ದು ಉಸಿರು.

ಬಿಸಿನೀರಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಎರಡನ್ನೂ ಬೆರೆಸಿ, ಮೊಣಕೈ ಅದ್ದಿ ನೋಡಿ, ಅನಂತರವೇ ಮಗು. 37ರಿಂದ 38 ಡಿಗ್ರಿ ಸೆಲ್ಸಿಯಸ್ ಸಾಕು, ಅಂದರೆ ನಿಮ್ಮ ಮೊಣಕೈಗೆ ಬಿಸಿಯೆಂದೂ ತಣ್ಣಗೆಂದೂ ಅನ್ನಿಸಬಾರದು. 60 ಡಿಗ್ರಿಯ ನೀರು ಮಗುವಿನ ತೆಳು ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ನಲ್ಲಿ ತಿರುಗಿಸುವುದನ್ನು ಕಲಿತಿರುವ ನಿಮ್ಮ ಮಗ ಒಂದಲ್ಲ ಒಂದು ದಿನ ಬಿಸಿನೀರಿನ ನಲ್ಲಿಯನ್ನೂ ತಿರುಗಿಸುತ್ತಾನೆ ಎಂದೇ ಭಾವಿಸಿ ಗೀಸರಿನ ಉಷ್ಣತೆಯನ್ನು 50 ಡಿಗ್ರಿಗಿಂತ ಕೆಳಗೆ ಇಳಿಸಿಡಿ.

ನೀರು ಪೋಲಾಗುವ ಬಗ್ಗೆ ನಿಮಗೆ ಬರುವ ಸಿಟ್ಟು ನ್ಯಾಯವಾದದ್ದೇ. ಪೂರ್ತಿ ತೆರೆದ ನಲ್ಲಿಯಿಂದ ನಿಮಿಷಕ್ಕೆ ಹಲವು ಲೀಟರು ಹರಿದುಹೋಗುತ್ತದೆ, ಮಗುವಿಗೆ ಅದು ಒಂದೇ ಧಾರೆ. ಅವನ ಸಂತೋಷಕ್ಕೆ ಬೇಕಾದದ್ದು ಹರಿಯುವ ನೀರಿನ ಮೊತ್ತವಲ್ಲ, ಕೈಗೆ ಸಿಗುವ ನೀರು. ಎರಡು ಲೀಟರು ನೀರು ಹಾಕಿದ ಬೋಗುಣಿ ಅರ್ಧ ಗಂಟೆಯ ಆಟಕ್ಕೆ ಧಾರಾಳ. ಆಟ ಮುಗಿದ ಮೇಲೆ ಅದೇ ನೀರು ಗಿಡಕ್ಕೋ ನೆಲ ಒರೆಸುವುದಕ್ಕೋ ಆಗುತ್ತದೆ. ಇದಕ್ಕೂ ಒಳ್ಳೆಯದು, ನೀರಿನ ಕೆಲಸಗಳಲ್ಲಿ ಅವನನ್ನು ಸೇರಿಸಿಕೊಳ್ಳುವುದು. ತರಕಾರಿ ತೊಳೆಯುವಾಗ ಅವನಿಗೂ ನಾಲ್ಕು ತುಂಡು ಕೊಡಿ. ಗಿಡಕ್ಕೆ ಒಂದು ಲೋಟ ನೀರು ಹಾಕುವುದು ದಿನವೂ ಅವನ ಪಾಲಿಗಿರಲಿ. ಒಣಗಿದ ಗೋಡೆಯ ಮೇಲೆ ಒದ್ದೆ ಬ್ರಷ್ಷಿನಿಂದ ಗೀಚಲು ಬಿಟ್ಟರೆ ಒಂದು ಲೋಟ ನೀರು ಎಷ್ಟೋ ಹೊತ್ತು ಬರುತ್ತದೆ. ಗೀಚಿದ್ದು ಬಿಸಿಲಿಗೆ ಆರಿ ಮಾಯವಾಗುವುದರಿಂದ ಗೋಡೆ ಮತ್ತೆ ಖಾಲಿ. ಮುಷ್ಟಿಗಿಂತ ದೊಡ್ಡ ಮಂಜುಗಡ್ಡೆಯೊಂದನ್ನು ಬೋಗುಣಿಯಲ್ಲಿ ತೇಲಿಬಿಟ್ಟರೂ ಆಗುತ್ತದೆ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುವುದರಿಂದ ಅದು ಎಷ್ಟು ಸಲ ಒತ್ತಿ ಮುಳುಗಿಸಿದರೂ ಮೇಲಕ್ಕೆದ್ದು ಬರುತ್ತದೆ, ಮಗು ಅಷ್ಟೂ ಸಲ ನಗುತ್ತದೆ. ಸಣ್ಣ ತುಂಡುಗಳು ಮಾತ್ರ ಬೇಡ, ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಕುಡಿಯುವ ನೀರನ್ನು ನೆಲಕ್ಕೆ ಸುರಿಯುವುದನ್ನು ನೀವು ತಡೆಯಲೇಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ಮೊದಲು ಜಾರಿ ಬೀಳುವುದು ಅಜ್ಜಿ. ಲೋಟದಲ್ಲಿ ಎರಡು ಗುಟುಕಿನಷ್ಟೇ ಹಾಕಿ ಕೊಡಿ; ಕುಡಿದು ಮುಗಿಸಿದ ಕೂಡಲೇ ಲೋಟ ತೆಗೆದುಕೊಳ್ಳಿ. ಸುರಿದುಬಿಟ್ಟರೆ ಗದರದೆ, ಸುರಿಯುವುದು ಬೋಗುಣಿಯಲ್ಲಿ ಎಂದಷ್ಟೇ ಹೇಳಿ, ಒಂದು ಬಟ್ಟೆ ಕೊಟ್ಟು ಒರೆಸಲು ಜೊತೆಗೂಡಿಸಿಕೊಳ್ಳಿ. ಒರೆಸುವುದು ಶಿಕ್ಷೆಯಾಗಬಾರದು, ಹೇಗಿದ್ದರೂ ಅದೂ ಅವನಿಗೆ ನೀರಾಟವೇ. ಸುರಿಯಲು ಒಪ್ಪಿಗೆಯಿರುವ ಜಾಗ ದಿನವೂ ಸಿಗುತ್ತದೆಂದು ಖಾತರಿಯಾದ ಮಗು ಉಳಿದ ಕಡೆ ಸುರಿಯುವುದನ್ನು ಸಾಮಾನ್ಯವಾಗಿ ಕಡಿಮೆ ಮಾಡುತ್ತದೆ. ಒಂದೇ ದಿನದಲ್ಲಿ ಅಲ್ಲ.

ಇನ್ನು ಸ್ನಾನ ಮುಗಿಯುವಾಗಿನ ಅಳು. ಎರಡೂವರೆ ವರ್ಷದ ಮಗುವಿಗೆ ಐದು ನಿಮಿಷ ಎಂದರೆ ಏನೂ ಅರ್ಥವಾಗುವುದಿಲ್ಲ. ಇನ್ನು ಮೂರು ಚೊಂಬು ಎಂದರೆ ಅರ್ಥವಾಗುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆಟಕ್ಕೆ ಮೊದಲು ಅವಕಾಶ ಕೊಟ್ಟು ಸೋಪನ್ನು ಕೊನೆಗಿಟ್ಟುಕೊಳ್ಳಿ. ಸೋಪು ಬೆರೆತ ನೀರಿನಲ್ಲಿ ಬಹಳ ಹೊತ್ತು ಕುಳಿತರೆ ಚರ್ಮ ಒಣಗುತ್ತದೆ. ಜೊತೆಗೆ ಸೋಪು ಬಂತೆಂದರೆ ಮುಗಿಯುವ ಹೊತ್ತಾಯಿತು ಎನ್ನುವುದು ಅವನಿಗೂ ರೂಢಿಯಾಗುತ್ತದೆ. ಸ್ನಾನವನ್ನು ಮುಗಿಸುವ ಕೆಲಸವನ್ನು ನೀವು ಮಾಡದೆ ಅವನಿಂದಲೇ ಮಾಡಿಸಿ: ಕೊನೆಯ ಚೊಂಬನ್ನು ಅವನೇ ಸುರಿದುಕೊಳ್ಳಲಿ, ಟಬ್ಬಿನ ಬಿರಡೆಯನ್ನು ಅವನೇ ಎಳೆಯಲಿ, ಚೊಂಬನ್ನು ಅವನೇ ಬೋರಲು ಹಾಕಲಿ. ನೀರಿನಿಂದ ಎತ್ತಿಕೊಂಡು ಸುಮ್ಮನೆ ಕೋಣೆಯಲ್ಲಿ ನಿಲ್ಲಿಸುವುದರ ಬದಲು ಟವೆಲಿನಲ್ಲಿ ಸುತ್ತಿ ಅವನಿಗಿಷ್ಟವಾದ ಮುಂದಿನ ಕೆಲಸಕ್ಕೆ ನೇರವಾಗಿ ಒಯ್ಯಿರಿ, ದಿನವೂ ಅದೇ ಕ್ರಮದಲ್ಲಿ. ಇಷ್ಟು ಮಾಡಿದರೂ ಮೊದಲ ಕೆಲವು ದಿನ ಅತ್ತೇ ಅಳುತ್ತಾನೆ. ಅತ್ತದ್ದಕ್ಕೆ ಮತ್ತೆ ನೀರಿಗಿಳಿಸಿದರೆ ಅಳುವುದೇ ನೀರು ಪಡೆಯುವ ದಾರಿಯೆಂದು ಕಲಿತುಬಿಡುತ್ತಾನೆ. ಅದಕ್ಕೆ ಬದಲಾಗಿ, ನೀರು ಮುಗಿಯಿತಲ್ಲ ಎಂದು ನಿನಗೆ ಬೇಜಾರು, ನಾಳೆ ಮತ್ತೆ ಆಡೋಣ ಎಂದು ಹೇಳಿ ಒರೆಸುವುದನ್ನು ಮುಂದುವರಿಸಿ. ಆ ಮಾತು ಕೊಟ್ಟ ಮೇಲೆ ಮರುದಿನ ಎಷ್ಟೇ ಕೆಲಸವಿದ್ದರೂ ಹತ್ತು ನಿಮಿಷದ ಬೋಗುಣಿಯನ್ನು ತಪ್ಪಿಸಬೇಡಿ.